ಸಾಸೇಜಿನ ನಂಜು, ಮೂತ್ರಕೋಶದ ಮದ್ದು

ಅನ್ನೂರಿನಿಂದ ಪುಳಿಯಂಪಟ್ಟಿ, ಸತ್ಯಮಂಗಲ ದಾಟಿ, ದಿಂಬಂ ಘಾಟಿಯ 27 ತಿರುವು ಏರಿ ಚಾಮರಾಜನಗರದ ಕಡೆ ಬರುವ ಬಸ್ಸು ಹತ್ತುವ ಮುನ್ನ ಕೆಲವರಿಗೆ ಒಂದೇ ಚಿಂತೆ: ನಡುವೆ ಎಲ್ಲಿ ಇಳಿಯುವುದು? ಮೂತ್ರಕೋಶ ಅರ್ಧ ತುಂಬುವಷ್ಟರಲ್ಲೇ ಕಿಬ್ಬೊಟ್ಟೆ ಹಿಂಡುತ್ತದೆ, ಉರಿಯುತ್ತದೆ. ಹೋಗಿ ಬಂದರೆ ಗಳಿಗೆ ಹೊತ್ತು ಹಗುರ, ಮತ್ತೆ ಶುರು. ಅನ್ನೂರಿಗೆ ಹತ್ತಿರದ ಸಿರುಮುಗೈಯಲ್ಲಿ ಮನೆಮಾತು ಕನ್ನಡವಾದ ದೇವಾಂಗ ನೇಕಾರರಿದ್ದಾರೆ. ಮಗ್ಗಕ್ಕೆ ಕೂತವರಿಗೆ ಈ ಕಾಯಿಲೆ ಅಂಟಿಕೊಂಡರೆ ಸೀರೆ ಮುಗಿಯುವುದು ಯಾವಾಗ? ಪರೀಕ್ಷೆ ಮಾಡಿಸಿದರೆ ಸೋಂಕಿಲ್ಲ, ಕಲ್ಲಿಲ್ಲ. ‘ಏನೂ ಇಲ್ಲಮ್ಮ, ನೀರು ಜಾಸ್ತಿ ಕುಡೀರಿ’ ಎಂದುಬಿಟ್ಟರಂತೂ ಮುಗಿದೇ ಹೋಯಿತು!

ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಎನ್ನುವ ಈ ಬೇನೆಗೆ, ಬೇರೆ ಉಪಾಯಗಳು ಸೋತಾಗ ವೈದ್ಯರು ಚುಚ್ಚುವ ಮದ್ದು ಯಾವುದು ಗೊತ್ತೇ? ಬೊಟುಲಿನಂ! ಭೂಮಿಯ ಮೇಲೆ ಇದಕ್ಕಿಂತ ಘೋರ ವಿಷವನ್ನು ಯಾರೂ ಕಂಡಿಲ್ಲ.

ಈ ವಿಷದ ಕಥೆ ಶುರುವಾಗುವುದು ಜರ್ಮನಿಯಲ್ಲಿ, ಕೆಟ್ಟ ಸಾಸೇಜು ತಿಂದು ಸತ್ತವರಿಂದ. ಅದರ ಬೆನ್ನು ಹತ್ತಿದವನು ಯೂಸ್ಟಿನಸ್ ಕೆರ್ನರ್. ವೈದ್ಯ, ಜೊತೆಗೆ ಕವಿ. ಅವನ ಪದ್ಯಗಳಿಗೆ ಮುಂದೆ ಸಂಗೀತಗಾರ ಶೂಮನ್ ರಾಗ ಹಾಕಿದ. ಈ ಮಹಾನುಭಾವ ನಂಜನ್ನು ತಾನೇ ನಾಲಿಗೆಗೆ ಹಚ್ಚಿ ನೋಡಿದ! ಇದು ನರಗಳ ಅಬ್ಬರ ಇಳಿಸುವ ಮದ್ದಾಗಬಹುದು ಎಂದು 1822ರಲ್ಲೇ ಬರೆದ. ಈ ನಂಜನ್ನು ಉಗುಳುವ ಬ್ಯಾಕ್ಟೀರಿಯಾದ ಸುಳಿವೇ ಆಗಿನ್ನೂ ಇರಲಿಲ್ಲ. ಅದು ಸಿಕ್ಕಿದ್ದು 1895ರಲ್ಲಿ ಬೆಲ್ಜಿಯಂನ ಎಲ್ಝೆಲ್‌ನಲ್ಲಿ ಹಂದಿಮಾಂಸ ತಿಂದ ವಾದ್ಯಗೋಷ್ಠಿಯವರಲ್ಲಿ ಮೂವರು ಸತ್ತ ಮೇಲೆ. ನಂಜು ಮದ್ದಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1989ರಲ್ಲಿ, ಮೆಳ್ಳೆಗಣ್ಣಿಗೆ. ಸುಕ್ಕು ತೀಡುವ ಶೋಕಿಯೆಲ್ಲ ಆಮೇಲಿನದು.

ಇನ್ನು ನಂಜಿನ ಕೈಚಳಕ ನೋಡಿ. ನರದ ತುದಿಯಲ್ಲಿ ಸ್ನ್ಯಾಪ್-25 ಎಂಬ ಪ್ರೋಟೀನಿದೆ, 206 ಅಮೈನೋ ಆಮ್ಲಗಳ ಸರ. ನಂಜು ಅದರ ಕೊನೆಯ ಒಂಬತ್ತನ್ನು ಮಾತ್ರ ಕತ್ತರಿಸುತ್ತದೆ. ಅಷ್ಟೇ! ನರಕ್ಕೆ ತನ್ನ ಸಂದೇಶದ ರಾಸಾಯನಿಕವನ್ನು ಹೊರಗೆ ಬಿಡಲಾಗುವುದಿಲ್ಲ. ಸ್ನಾಯು ಸಡಿಲವಾಗುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಬೆರಗು ಹುಟ್ಟಿಸಿದ್ದು ಮುಂದಿನದು: ನೋವನ್ನು ಹೊತ್ತೊಯ್ಯುವ ನರಗಳ ಬಾಯನ್ನೂ ಇದು ಕಟ್ಟಬಲ್ಲದು! 2004ರಲ್ಲಿ ಅಮೆರಿಕ ಮತ್ತು ಪೋಲೆಂಡಿನಲ್ಲಿ ಈ ಬೇನೆಯಿದ್ದ 13 ಮಹಿಳೆಯರಿಗೆ ಚುಚ್ಚಿದಾಗ 9 ಮಂದಿ ಹಗುರಾಯಿತೆಂದರು. ಸಣ್ಣ ಗುಂಪು, ಹೌದು; ಆದರೂ ವರ್ಷಗಟ್ಟಲೆ ‘ಏನೂ ಇಲ್ಲ’ ಎನಿಸಿಕೊಂಡವರ ಮಾತದು.

ಸಿಸ್ಟೋಸ್ಕೋಪ್ ಎಂಬ ಒಳನೋಟದ ಕೊಳವೆ ಇಳಿಸಿ, ಮೂತ್ರಕೋಶದ ಒಳಗೋಡೆಗೆ ಅಲ್ಲಲ್ಲಿ ಹನಿ ಹನಿಯಾಗಿ ಚುಚ್ಚುತ್ತಾರೆ. ಸಾಮಾನ್ಯವಾಗಿ 100 ಯೂನಿಟ್. ಅದರಲ್ಲಿರುವ ಅಸಲಿ ನಂಜು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಅತಿಚಟುವಟಿಕೆಯ ಮೂತ್ರಕೋಶಕ್ಕೆ ಅಮೆರಿಕ 2013ರಲ್ಲಿ ಒಪ್ಪಿಗೆ ಕೊಟ್ಟಿತು. ನೋವಿಗೆ ಮಾತ್ರ ಇದು ಈಗಲೂ ವೈದ್ಯರ ವಿವೇಚನೆಯ ಪ್ರಯೋಗ. ಸ್ನಾಯು ತೀರಾ ಸಡಿಲವಾಗಿ ಮೂತ್ರ ಕಟ್ಟಿಕೊಳ್ಳಬಹುದಾದ್ದರಿಂದ, ಮೂತ್ರ ಹೊರಹರಿಸುವ ಕೊಳವೆಯನ್ನು (ಕ್ಯಾತಿಟರ್) ತಾವೇ ಹಾಕಿಕೊಳ್ಳಲು ಒಪ್ಪಿದವರಿಗಷ್ಟೇ ಈ ಸೂಜಿ.

ನರವೂ ಸೋಲೊಪ್ಪುವ ಜಾತಿಯದಲ್ಲ. ತುಂಡಾದ ಸ್ನ್ಯಾಪ್-25ರ ಜಾಗಕ್ಕೆ ಹೊಸದನ್ನು ಹೆಣೆಯುತ್ತದೆ. ಕೆಲವು ತಿಂಗಳಲ್ಲಿ ಸಂದೇಶ ಮತ್ತೆ ಹರಿಯುತ್ತದೆ, ನೋವೂ ಹಿಂತಿರುಗಬಹುದು; ಆಗ ಇನ್ನೊಂದು ಸುತ್ತು ಸೂಜಿ.