ಅಶ್ವಸೇನನ ಬಾಣ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಸಮೀಪದಲ್ಲಿ, ಮಳೆ ಅಪರೂಪವಾದುದರಿಂದ ಹುಲ್ಲೂ ಕುರುಚಲು ಗಿಡಗಳೂ ಅಲ್ಲದೆ ಬೇರೇನೂ ಸಮೃದ್ಧವಾಗಿ ಬೆಳೆಯದ ವಿಸ್ತಾರವಾದ ಕಾವಲುಗಳುಂಟು. ಮೈಸೂರು ಸಂಸ್ಥಾನದ ಅರಸರು ಅಮೃತಮಹಲ್ ತಳಿಯ ದನಗಳಿಗಾಗಿ ಕಾದಿರಿಸಿದ್ದ ಇಂಥ ಹುಲ್ಲುಗಾವಲುಗಳಲ್ಲಿ ಮೇದು ಬಲಿತ ಎತ್ತುಗಳೇ ಹಿಂದೆ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೇನೆಯ ಫಿರಂಗಿಗಳನ್ನು ಎಳೆದು, ವೇಗಕ್ಕೂ ಸಹನೆಗೂ ಹೆಸರಾದುವು. ಅಂಥದೊಂದು ಕಾವಲಿನ ನಾಲ್ಕು ಸಾವಿರಕ್ಕೂ ಮಿಕ್ಕ ಎಕರೆಗಳಲ್ಲಿ, ಅಲ್ಲಿ ದನ ಕುರಿ ಮೇಯಿಸಿಕೊಂಡಿದ್ದ ಜನರ ವಿರೋಧದ ನಡುವೆಯೂ, ನಮ್ಮ ದೇಶದ ರಕ್ಷಣಾ ಸಂಶೋಧನೆಯ ಹೊಣೆ ಹೊತ್ತ ಡಿಆರ್‌ಡಿಒ ಸಂಸ್ಥೆಯವರು ವಿಮಾನಗಳ ಪರೀಕ್ಷಾಕ್ಷೇತ್ರವನ್ನು ನಿರ್ಮಿಸಿದರು. 2017ರಲ್ಲಿ ಅದು ಉದ್ಘಾಟನೆಗೊಂಡಿತು. 2022ರ ಜುಲೈ 1ರಂದು ಅಲ್ಲಿನ ರನ್‌ವೇಯಿಂದ, ಬಾಲವಿಲ್ಲದ, ರೆಕ್ಕೆಯೇ ದೇಹವಾದ, ಒಳಗೆ ಚಾಲಕನೂ ಇಲ್ಲದ ಪುಟ್ಟ ವಿಮಾನವೊಂದು ತಾನಾಗಿಯೇ ಮೇಲೆದ್ದು, ಗೊತ್ತುಮಾಡಿದ ಮಾರ್ಗದಲ್ಲಿ ಸಂಚರಿಸಿ, ತಾನಾಗಿಯೇ ನೆಲಕ್ಕಿಳಿಯಿತು. ಅದೇ ಸಂಸ್ಥೆಯ ಬೆಂಗಳೂರಿನ ಎಡಿಇ ಪ್ರಯೋಗಾಲಯ ರೂಪಿಸಿದ ಆ ವಿಮಾನವು ಮುಂದೆ ನಿರ್ಮಾಣವಾಗಬೇಕಾದ ಚಾಲಕರಹಿತ ಸಮರವಿಮಾನಕ್ಕೆ ಪೂರ್ವಪೀಠಿಕೆಯಾಗಿತ್ತು. ಫಿರಂಗಿ ಎಳೆಯುವ ಎತ್ತು ಮೇದ ನೆಲದಿಂದಲೇ, ಮನುಷ್ಯನ ಕೈಯನ್ನು ಬಿಟ್ಟು ಹಾರಬಲ್ಲ ಆಯುಧವೂ ಏಳಲಿದೆ ಎಂಬ ಸಂಗತಿ ಕನ್ನಡಿಗರಾದ ನಮ್ಮನ್ನು ಒಂದು ಗಳಿಗೆ ನಿಲ್ಲಿಸಿ ಯೋಚಿಸುವಂತೆ ಮಾಡಬೇಕು.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಮದುವೆಯ ಮಂಟಪದ ಮೇಲೆ ಚಿತ್ರ ತೆಗೆಯಲು ಹಾರಿಸುವ ಡ್ರೋನನ್ನು ನಾವೆಲ್ಲರೂ ಕಂಡಿದ್ದೇವೆ, ಅದು ಗಾಳಿಪಟದಂತೆ. ಅದರ ಸೂತ್ರ ಕಣ್ಣಿಗೆ ಕಾಣದ ರೇಡಿಯೋ ತರಂಗವಾದರೂ, ಅದನ್ನು ಹಿಡಿದವನು ಕೆಳಗೆ ನಿಂತಿರುತ್ತಾನೆ. ಸ್ವಾಯತ್ತ ಡ್ರೋನು ಹಾಗಲ್ಲ. ಸೂತ್ರ ಹರಿದರೂ ಅದು ಬೀಳದೆ, ತನ್ನ ಕ್ಯಾಮೆರಾ ಮತ್ತು ರೇಡಾರುಗಳಿಂದ ಸುತ್ತಣ ಲೋಕವನ್ನು ತಾನೇ ನೋಡಿ, ಒಳಗಿನ ಕಂಪ್ಯೂಟರಿನಲ್ಲಿ ತಾನೇ ಲೆಕ್ಕ ಹಾಕಿ, ಎತ್ತ ತಿರುಗಬೇಕು, ಯಾವುದನ್ನು ಹಿಂಬಾಲಿಸಬೇಕು ಎಂಬುದನ್ನು ತಾನೇ ನಿಶ್ಚಯಿಸುತ್ತದೆ. ಕೊನೆಯದಾಗಿ, ಯಾರನ್ನು ಕೊಲ್ಲಬೇಕು ಎಂಬುದನ್ನೂ ತಾನೇ ನಿಶ್ಚಯಿಸುವ ಅಧಿಕಾರವನ್ನು ಅದಕ್ಕೆ ಕೊಡಬೇಕೇ ಕೂಡದೇ ಎಂಬುದೇ ಈಗ ಜಗತ್ತಿನ ಮುಂದಿರುವ ಪ್ರಶ್ನೆ.

ಚಾಲಕನಿಲ್ಲದ ವಿಮಾನದ ಕಲ್ಪನೆ ಹೊಸದೇನೂ ಅಲ್ಲ. ಮೊದಲ ಮಹಾಯುದ್ಧದ ಕೊನೆಯ ವರ್ಷವಾದ 1918ರಲ್ಲಿಯೇ ಅಮೆರಿಕದವರು ಅಂಥದೊಂದನ್ನು ಹಾರಿಸಿ ನೋಡಿದ್ದರು. 1935ರಲ್ಲಿ ಬ್ರಿಟಿಷರು ತಮ್ಮ ಫಿರಂಗಿದಳದವರ ಗುರಿಯಭ್ಯಾಸಕ್ಕಾಗಿ ರೇಡಿಯೋ ಮೂಲಕ ನಡೆಸುವ ವಿಮಾನವೊಂದನ್ನು ಮಾಡಿ ಅದಕ್ಕೆ ‘ಕ್ವೀನ್ ಬೀ’, ಅಂದರೆ ರಾಣಿಜೇನು, ಎಂದು ಹೆಸರಿಟ್ಟರು; ಗಂಡುಜೇನನ್ನು ಸೂಚಿಸುವ ‘ಡ್ರೋನ್’ ಎಂಬ ಮಾತು ಆ ರಾಣಿಯಿಂದಲೇ ಹುಟ್ಟಿತೆಂದು ಹೇಳುವುದುಂಟು. ಇಂಥ ವಿಮಾನ ಆಕಾಶದಲ್ಲಿ ಎದುರಾಳಿಯೊಡನೆ ಕಾದಿದುದು ಬಹಳ ತಡವಾಗಿ. 2002ರ ಡಿಸೆಂಬರಿನಲ್ಲಿ ಇರಾಕಿನ ಮೇಲೆ ಸಂಚರಿಸುತ್ತಿದ್ದ ಅಮೆರಿಕದ ಪ್ರಿಡೇಟರ್ ಡ್ರೋನಿಗೆ ಇರಾಕಿನ ಮಿಗ್-25 ಎದುರಾದಾಗ, ಎರಡೂ ಪರಸ್ಪರ ಕ್ಷಿಪಣಿಗಳನ್ನು ಬಿಟ್ಟುವು. ಡ್ರೋನಿನ ಕ್ಷಿಪಣಿ ಗುರಿ ತಪ್ಪಿತು, ಮಿಗ್ಗಿನದು ತಾಕಿತು. ಮನುಷ್ಯನಿರುವ ಮತ್ತು ಮನುಷ್ಯನಿಲ್ಲದ ವಿಮಾನಗಳ ನಡುವೆ ನಡೆದ ಮೊದಲ ದ್ವಂದ್ವಯುದ್ಧವೆಂದು ಇದನ್ನು ಎಣಿಸುತ್ತಾರೆ. ಅಂದು ಮನುಷ್ಯನೇ ಗೆದ್ದನು.

ಹದಿನೆಂಟು ವರ್ಷಗಳಲ್ಲಿ ಫಲಿತಾಂಶ ತಲೆಕೆಳಗಾಯಿತು. 2020ರ ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಾರ್ಪಾ ಒಂದು ಸ್ಪರ್ಧೆಯನ್ನೇರ್ಪಡಿಸಿತು. ನಿಜವಾದ ಆಕಾಶದಲ್ಲಲ್ಲ, ಕಂಪ್ಯೂಟರಿನೊಳಗಿನ ಆಕಾಶದಲ್ಲಿ, ಎಂಟು ತಂಡಗಳು ರಚಿಸಿದ ಕೃತಕ ಬುದ್ಧಿಗಳು ಎಫ್-16 ವಿಮಾನಗಳನ್ನು ನಡೆಸುತ್ತಾ ಒಂದರೊಡನೊಂದು ಸೆಣಸಿದುವು. ಗೆದ್ದದ್ದು ಹೆರನ್ ಸಿಸ್ಟಮ್ಸ್ ಎಂಬ ಸಣ್ಣ ಕಂಪನಿಯ ಯಂತ್ರಬುದ್ಧಿ. ಕೊನೆಗೆ ಅದರ ಎದುರಿಗೆ ಅನುಭವಿಯಾದ ಎಫ್-16 ಚಾಲಕನೊಬ್ಬನನ್ನು ನಿಲ್ಲಿಸಲಾಗಿ, ಐದು ಸುತ್ತುಗಳಲ್ಲಿ ಐದನ್ನೂ ಅವನು ಸೋತನು.

ಈ ಬುದ್ಧಿಗೆ ಯಾರೂ ಯುದ್ಧವಿದ್ಯೆಯನ್ನು ಪಾಠವಾಗಿ ಹೇಳಿಕೊಟ್ಟಿರಲಿಲ್ಲ. ಮೊದಲಿಗೆ ಅದು ಗೊತ್ತುಗುರಿಯಿಲ್ಲದೆ ಹಾರಿ ನೆಲಕ್ಕೆ ಅಪ್ಪಳಿಸುತ್ತದೆ. ಅಪ್ಪಳಿಸಿದಾಗ ಅಂಕ ಕಳೆಯುತ್ತದೆ, ಶತ್ರುವಿನ ಬೆನ್ನು ಹಿಡಿದಾಗ ಅಂಕ ಸೇರುತ್ತದೆ. ಹೀಗೆ ದಂಡನೆ ಮತ್ತು ಬಹುಮಾನಗಳ ನಡುವೆ ಅಸಂಖ್ಯ ಸಾರಿ ಸತ್ತು ಸತ್ತು, ಒಬ್ಬ ಚಾಲಕ ತನ್ನ ಆಯುಷ್ಯವಿಡೀ ಮಾಡಲಾರದಷ್ಟು ಕಾಳಗಗಳನ್ನು ಮುಗಿಸಿದ ಬಳಿಕ ಅದು ಗೆಲ್ಲುವ ಬಗೆಯನ್ನು ತಾನೇ ಕಂಡುಕೊಳ್ಳುತ್ತದೆ. ಅದು ಕಂಡುಕೊಂಡ ಬಗೆಯಾದರೂ ಎಂಥದು? ಎದುರಾಳಿಗೆ ಮುಖಾಮುಖಿಯಾಗಿ ನುಗ್ಗಿ, ಎರಡು ವಿಮಾನಗಳೂ ಡಿಕ್ಕಿ ಹೊಡೆದಾವೆಂಬ ಕ್ಷಣದವರೆಗೂ ಬಾಗದೆ, ಕಣ್ಣೆವೆ ಮುಚ್ಚುವಷ್ಟರಲ್ಲಿ ಗುಂಡು ಹಾರಿಸುವುದು. ಮನುಷ್ಯರು ತಮ್ಮ ಅಭ್ಯಾಸದ ಕಾಳಗಗಳಲ್ಲಿ ಹೀಗೆ ಮಾಡಕೂಡದೆಂದು ನಿಯಮವೇ ಇದೆ; ನಿಯಮವಿಲ್ಲದಿದ್ದರೂ ಬದುಕಬೇಕೆಂಬ ಸಹಜವಾದ ಆಸೆ ಚಾಲಕನ ಕೈಯನ್ನು ತಿರುಗಿಸುತ್ತದೆ. ಯಂತ್ರಕ್ಕೆ ಆ ಆಸೆಯಿಲ್ಲ. ಇದನ್ನು ಕೆಲವರು ಯಂತ್ರದ ಶೌರ್ಯವೆಂದು ಕೊಂಡಾಡಿದರು, ನಾನು ಒಪ್ಪಲಾರೆ. ಭಯವನ್ನು ಬಲ್ಲವನು ಅದನ್ನು ಮೀರಿದರೆ ಅದು ಶೌರ್ಯ. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದ ವಸ್ತುವಿನ ನುಗ್ಗುವಿಕೆಗೆ ಆ ಹೆಸರು ಸಲ್ಲದು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು: ಆ ಸ್ಪರ್ಧೆಯಲ್ಲಿ ಎದುರಾಳಿಯ ಸ್ಥಾನವೂ ವೇಗವೂ ಯಂತ್ರಕ್ಕೆ ತಪ್ಪಿಲ್ಲದೆ ತಿಳಿದಿದ್ದುವು. ಮೋಡ, ಬಿಸಿಲಿನ ಪ್ರಖರತೆ, ಶತ್ರುವಿನ ವಂಚನೆ ಇವೆಲ್ಲ ಇರುವ ನಿಜವಾದ ಗಗನದಲ್ಲಿ ಅಂಥ ಸರ್ವಜ್ಞತ್ವ ಯಾರಿಗೂ ದೊರೆಯದು.

ಆದುದರಿಂದಲೇ ಪ್ರಯೋಗ ಕಂಪ್ಯೂಟರಿನಿಂದ ಹೊರಗೆ ಬರಬೇಕಾಯಿತು. ಎಕ್ಸ್-62ಎ ಎಂಬ ಹೆಸರಿನ, ಎಫ್-16ನ್ನೇ ಮಾರ್ಪಡಿಸಿದ ವಿಮಾನವೊಂದನ್ನು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ 2022ರ ಡಿಸೆಂಬರಿನಿಂದ ಕೃತಕ ಬುದ್ಧಿಯ ಕೈಗೆ ಒಪ್ಪಿಸಿ ಹಾರಿಸತೊಡಗಿದರು. 2023ರ ಸೆಪ್ಟೆಂಬರಿನಲ್ಲಿ ಅದು ಮನುಷ್ಯನು ನಡೆಸುತ್ತಿದ್ದ ಎಫ್-16ರೊಡನೆ ನಿಜವಾದ ಆಕಾಶದಲ್ಲಿಯೇ ಕಾಳಗದ ವರಸೆಗಳನ್ನು ಆಡಿತು; ಕೆಲವೊಮ್ಮೆ ಎರಡು ವಿಮಾನಗಳ ನಡುವಣ ಅಂತರ ಸುಮಾರು 600 ಮೀಟರಿಗೆ ಇಳಿದಿತ್ತು. ಒಳಗೆ ಕುಳಿತಿದ್ದ ಇಬ್ಬರು ಚಾಲಕರು, ಅಪಾಯವೆನಿಸಿದ ಕೂಡಲೇ ಯಂತ್ರದಿಂದ ವಿಮಾನವನ್ನು ಕಸಿದುಕೊಳ್ಳಲು ಸಿದ್ಧರಾಗಿದ್ದರೂ, ಆ ಕಾಳಗಗಳಲ್ಲಿ ಹಾಗೆ ಮಾಡಬೇಕಾದ ಪ್ರಸಂಗ ಬರಲಿಲ್ಲ.

ಸೈನ್ಯಗಳು ಇದಕ್ಕೆ ಇಷ್ಟು ಆತುರಪಡುವುದೇಕೆ? ದೇಹದ ಮಿತಿ ಒಂದು ಕಾರಣ. ಯುದ್ಧವಿಮಾನ ತೀವ್ರವಾಗಿ ತಿರುಗಿದಾಗ ಗುರುತ್ವದ ಒಂಬತ್ತು ಪಟ್ಟು ಭಾರ ಚಾಲಕನ ಮೇಲೆ ಬೀಳುತ್ತದೆ. 70 ಕಿಲೋ ತೂಕದ ಮನುಷ್ಯ ಆ ಕ್ಷಣಕ್ಕೆ 630 ಕಿಲೋ ಆಗುತ್ತಾನೆ, ರಕ್ತ ತಲೆಯಿಂದ ಕಾಲಿಗಿಳಿಯುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ, ಎಚ್ಚರ ತಪ್ಪಿದರೂ ತಪ್ಪೀತು. ಎರಡನೆಯದು ಹಣ. ಚಾಲಕನ ಆಸನ, ಆಮ್ಲಜನಕ, ಹೊರಜಿಗಿಯುವ ಸಾಧನ ಯಾವುದೂ ಬೇಡವಾದ ವಿಮಾನ ಅಗ್ಗ. ಅದು ಬಿದ್ದರೆ ಒಂದು ಮನೆಯಲ್ಲಿ ದೀಪ ಆರುವುದಿಲ್ಲ. ಇದು ಹಗುರವಾದ ಮಾತಲ್ಲ. ಮಗನನ್ನು ವಾಯುಸೇನೆಗೆ ಕಳುಹಿಸಿದ ತಾಯಿಗೆ ಇದರ ಬೆಲೆ ಗೊತ್ತು. ಮೂರನೆಯ ಕಾರಣ ಉಕ್ರೇನಿನ ರಣಭೂಮಿ ಕಲಿಸಿದ ಪಾಠ: ಶತ್ರುವು ರೇಡಿಯೋ ತರಂಗಗಳನ್ನು ಕದಡಿದಾಗ ಸೂತ್ರ ಹರಿದ ಡ್ರೋನು ನಿಷ್ಪ್ರಯೋಜಕವಾಗುತ್ತದೆ. ಅದಕ್ಕೆ ಅಲ್ಲಿಯವರು ಒಂದು ಕಡೆ ಕೂದಲೆಳೆಯಂಥ ಗಾಜಿನ ತಂತುವನ್ನು ಕಿಲೋಮೀಟರುಗಟ್ಟಲೆ ಬಿಚ್ಚಿಕೊಳ್ಳುತ್ತಾ ಹಾರುವ ಡ್ರೋನುಗಳನ್ನೂ, ಇನ್ನೊಂದು ಕಡೆ ಕೊನೆಯ ಹಾದಿಯನ್ನು ತಾವೇ ನೋಡಿಕೊಂಡು ಗುರಿಯ ಮೇಲೆರಗುವ ಡ್ರೋನುಗಳನ್ನೂ ಬಳಸತೊಡಗಿದರು.

ಇವೆಲ್ಲವುಗಳಿಂದ ಮುಂದಿನ ವಾಯುಸೇನೆಯ ಒಂದು ಚಿತ್ರ ರೂಪುಗೊಂಡಿದೆ. ಮನುಷ್ಯನಿರುವ ಒಂದು ವಿಮಾನ, ಅದರ ಅಕ್ಕಪಕ್ಕದಲ್ಲಿ ಮುಂದೆ ನುಗ್ಗುವ, ಹುಡುಕುವ, ಅಗತ್ಯಬಿದ್ದರೆ ತಾವು ಬಲಿಯಾಗುವ ಹಲವು ಯಂತ್ರಸಂಗಾತಿಗಳು. ಆಸ್ಟ್ರೇಲಿಯಾದ ಘೋಸ್ಟ್ ಬ್ಯಾಟ್ 2021ರಲ್ಲಿ ಹಾರಿತು. ತುರ್ಕಿಯ ಕಿಝಿಲೆಲ್ಮಾ 2022ರಲ್ಲಿ. ಅಮೆರಿಕದ ಎರಡು ಮಾದರಿಗಳು 2025ರಲ್ಲಿ. ನಮ್ಮ ಎಚ್‌ಎಎಲ್ ತೇಜಸ್ ವಿಮಾನಕ್ಕೆ ಜೊತೆಯಾಗಲೆಂದು ‘ಕ್ಯಾಟ್ಸ್ ವಾರಿಯರ್’ ಎಂಬುದನ್ನು ರೂಪಿಸುತ್ತಿದ್ದು, 2021ರ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಅದರ ಮಾದರಿಯನ್ನು ಜನರ ಮುಂದಿಟ್ಟಿತು. ಸಂಗಾತಿ ಎಂಬ ಮಾತು ಮಧುರವಾದುದು. ಆದರೆ 2024ರ ಅಕ್ಟೋಬರಿನಲ್ಲಿ ರಷ್ಯದ ಓಖೋತ್ನಿಕ್ ಎಂಬ ಭಾರಿ ಡ್ರೋನು ಉಕ್ರೇನಿನ ಮೇಲೆ ಹತೋಟಿ ತಪ್ಪಿತೆಂದು ತೋರಿದಾಗ, ಅದರ ಜೊತೆಯಲ್ಲಿ ಹಾರುತ್ತಿದ್ದ ರಷ್ಯದ ಯುದ್ಧವಿಮಾನವೇ ಅದನ್ನು ಹೊಡೆದು ಬೀಳಿಸಬೇಕಾಯಿತು.

ಇಚ್ಛೆಯುಳ್ಳ ಆಯುಧವೊಂದರ ಕಥೆ ನಮ್ಮ ಮಹಾಭಾರತದಲ್ಲಿ ಉಂಟು. ಖಾಂಡವದಹನದಲ್ಲಿ ತಾಯಿಯನ್ನು ಕಳೆದುಕೊಂಡ ಅಶ್ವಸೇನನೆಂಬ ಸರ್ಪ, ಅರ್ಜುನನ ಮೇಲಣ ಹಗೆಯಿಂದ ಕರ್ಣನ ಬಾಣವನ್ನು ಹೊಕ್ಕಿತು. ಕರ್ಣ ಅದನ್ನು ಬಿಟ್ಟಾಗ ಕೃಷ್ಣನು ರಥವನ್ನು ನೆಲಕ್ಕೆ ಒತ್ತಿದುದರಿಂದ ಅರ್ಜುನನ ಕಿರೀಟ ಮಾತ್ರ ಹೋಯಿತು. ಸರ್ಪ ಹಿಂದಿರುಗಿ, ನೀನು ನನ್ನನ್ನು ಕಾಣದೆ ಬಿಟ್ಟೆ, ಈ ಸಾರಿ ಕಂಡು ಬಿಡು ಎಂದು ಬೇಡಿದಾಗ, ಕರ್ಣ ಒಲ್ಲೆನೆಂದನು. ಅನ್ಯರ ಬಲವನ್ನು ನೆಚ್ಚಿ ಗೆಲ್ಲುವುದು ತನಗೆ ಬೇಡವೆಂದನು. ಈ ಪ್ರಸಂಗವನ್ನು ಓದುವಾಗ ಬಹುಮಂದಿ ಕರ್ಣನ ಅಭಿಮಾನವನ್ನಷ್ಟೇ ಮೆಚ್ಚುತ್ತಾರೆ. ಈಗ ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಮೊದಲ ಪ್ರಯೋಗ: ಬಿಲ್ಲನ್ನೆಳೆದವನಿಗೆ ತನ್ನ ಬಾಣದೊಳಗೆ ಏನಿದೆಯೆಂಬುದೇ ತಿಳಿದಿರಲಿಲ್ಲ. ಕೋಟ್ಯಂತರ ಕಾಳಗಗಳಿಂದ ತಾನೇ ಕಲಿತ ಯಂತ್ರಬುದ್ಧಿ ಒಂದು ಕ್ಷಣದಲ್ಲಿ ಒಂದು ನಿರ್ಣಯವನ್ನು ಏಕೆ ಕೈಗೊಂಡಿತೆಂಬುದನ್ನು ಅದನ್ನು ರಚಿಸಿದವರೂ ಪೂರ್ತಿಯಾಗಿ ವಿವರಿಸಲಾರರು.

ಒಳಗೇನಿದೆಯೆಂದು ತಿಳಿಯದ ಯಂತ್ರವನ್ನು ನಂಬಿದರೆ ಆಗುವ ಪರಿಣಾಮವನ್ನು ಊಹಿಸಿಕೊಳ್ಳಬೇಕಾಗಿಲ್ಲ. ಇದಕ್ಕಿಂತ ಎಷ್ಟೋ ಸರಳವಾದ ಯಂತ್ರಗಳೇ ಅದನ್ನು ತೋರಿಸಿಕೊಟ್ಟಿವೆ. 2003ರ ಮಾರ್ಚಿನಲ್ಲಿ ಇರಾಕ್ ಯುದ್ಧದ ಆರಂಭದ ದಿನಗಳಲ್ಲಿ, ಕಾರ್ಯ ಮುಗಿಸಿ ಕುವೈತಿನ ನೆಲೆಗೆ ಹಿಂದಿರುಗುತ್ತಿದ್ದ ಬ್ರಿಟನ್ನಿನ ಟೊರ್ನೇಡೊ ವಿಮಾನವನ್ನು ಅಮೆರಿಕದ ಪೇಟ್ರಿಯಟ್ ಕ್ಷಿಪಣಿವ್ಯವಸ್ಥೆಯ ಕಂಪ್ಯೂಟರು ಶತ್ರುವಿನ ಕ್ಷಿಪಣಿಯೆಂದು ವರ್ಗೀಕರಿಸಿತು. ತಾನು ಮಿತ್ರನೆಂದು ಸಾರುವ ವಿಮಾನದ ಉಪಕರಣ ಕೆಲಸ ಮಾಡಿರಲಿಲ್ಲ. ಪರದೆಯ ಮುಂದೆ ಕುಳಿತಿದ್ದ ಸೈನಿಕರಿಗೆ ಯಂತ್ರದ ಮಾತನ್ನು ನಂಬಿ ತ್ವರೆಯಾಗಿ ವರ್ತಿಸುವ ಶಿಕ್ಷಣ ದೊರೆತಿತ್ತೇ ಹೊರತು ಅದನ್ನು ಸಂಶಯಿಸುವ ಶಿಕ್ಷಣ ದೊರೆತಿರಲಿಲ್ಲ. ಕ್ಷಿಪಣಿ ಹೊರಟಿತು, ವಿಮಾನದಲ್ಲಿದ್ದ ಇಬ್ಬರೂ ತೀರಿಕೊಂಡರು. ಕೆಲವೇ ದಿನಗಳಲ್ಲಿ, ಏಪ್ರಿಲ್ 2ರಂದು, ಅದೇ ಬಗೆಯ ಕ್ಷಿಪಣಿ ಅಮೆರಿಕದ ನೌಕಾಸೇನೆಯ ಎಫ್-18 ವಿಮಾನವೊಂದನ್ನು ಅದರ ಚಾಲಕನೊಡನೆ ಕೆಡವಿತು. ಈ ಎರಡರಲ್ಲಿಯೂ ಮನುಷ್ಯನು ವ್ಯವಸ್ಥೆಯ ಒಳಗೇ ಇದ್ದನು. ಇದ್ದೂ ಇಲ್ಲದಂತಾಗಿದ್ದನು, ಏಕೆಂದರೆ ಅವನಿಗೆ ದೊರೆತ ಕಾಲ ವಿವೇಚಿಸುವುದಕ್ಕೆ ಸಾಲದಷ್ಟು ಅಲ್ಪವಾಗಿತ್ತು.

ನನ್ನ ವಾದವೆಲ್ಲ ಈ ಕಾಲದ ಸುತ್ತಲೇ ಇದೆ. ಗುಂಡಿಯೊತ್ತುವ ಬೆರಳು ಮನುಷ್ಯನದಾಗಿರಬೇಕೆಂದರಷ್ಟೇ ಸಾಲದು. ಒತ್ತದಿರಲು ಅವನಿಗೆ ಅವಕಾಶವಿರಬೇಕು. ಎರಡು ಪಕ್ಷಗಳೂ ಕ್ಷಣಾರ್ಧದಲ್ಲಿ ನಿರ್ಣಯಿಸುವ ಯಂತ್ರಗಳನ್ನು ಆಕಾಶಕ್ಕೆ ಬಿಟ್ಟಮೇಲೆ, ವಿವೇಚನೆಗೆಂದು ಒಂದು ನಿಮಿಷ ತಡೆಯುವ ಪಕ್ಷ ಸೋಲುತ್ತದೆಂಬ ಭೀತಿಯೇ ಆ ಅವಕಾಶವನ್ನು ಸ್ವಲ್ಪಸ್ವಲ್ಪವಾಗಿ ಕಡಿದುಹಾಕೀತು. ಯಂತ್ರ ಹಾರಲಿ, ಹುಡುಕಲಿ, ಚಾಲಕನ ಪ್ರಾಣವನ್ನು ಕಾಯಲಿ, ನುಗ್ಗಿಬರುವ ಕ್ಷಿಪಣಿಯನ್ನು ತಡೆಯಲಿ. ಇದಕ್ಕೆ ಯಾರ ಆಕ್ಷೇಪವೂ ಇರಬೇಕಾಗಿಲ್ಲ. ಮನುಷ್ಯನನ್ನು ಕೊಲ್ಲುವ ನಿರ್ಣಯಕ್ಕೆ ಮಾತ್ರ ಹೆಸರುಳ್ಳ ಒಬ್ಬ ಮನುಷ್ಯ ಹೊಣೆಯಾಗಬೇಕು, ನ್ಯಾಯಸ್ಥಾನದ ಮುಂದೆ ನಿಂತು ಉತ್ತರಿಸಬೇಕು. ಯಂತ್ರವನ್ನು ಕಟಕಟೆಯಲ್ಲಿ ನಿಲ್ಲಿಸಲಾಗದು.

ಜಿನೀವಾದಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ 2014ರಿಂದ ಈ ವಿಷಯದ ಚರ್ಚೆ ನಡೆಯುತ್ತ ಬಂದಿದೆ. 2017 ಮತ್ತು 2018ರಲ್ಲಿ ಅಲ್ಲಿ ಚರ್ಚೆ ನಡೆಸಿದ ತಜ್ಞಸಮಿತಿಯ ಅಧ್ಯಕ್ಷತೆ ವಹಿಸಿದ್ದು ಭಾರತವೇ. ಸ್ವಾಯತ್ತ ಆಯುಧಗಳನ್ನು ನಿಯಂತ್ರಿಸುವ ಒಪ್ಪಂದವೊಂದು 2026ರೊಳಗೆ ಸಿದ್ಧವಾಗಬೇಕೆಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರೆಸ್ ಅವರು ಕರೆಕೊಟ್ಟರು. 2023ರ ಡಿಸೆಂಬರಿನಲ್ಲಿ ಸಾಮಾನ್ಯ ಸಭೆ ಈ ವಿಷಯದ ಠರಾವನ್ನು ಮತಕ್ಕೆ ಹಾಕಿದಾಗ 152 ರಾಷ್ಟ್ರಗಳು ಪರವಾಗಿಯೂ ನಾಲ್ಕು ವಿರೋಧವಾಗಿಯೂ ನಿಂತುವು; ಆ ನಾಲ್ಕರಲ್ಲಿ ನಮ್ಮದೂ ಒಂದು. ಜಿನೀವಾವೇ ಈ ಚರ್ಚೆಗೆ ತಕ್ಕ ವೇದಿಕೆಯೆಂಬುದು ನಮ್ಮ ಸರ್ಕಾರದ ನಿಲುವು. ಗಡಿಯಾಚೆ ಇಂಥ ಆಯುಧಗಳು ಸಿದ್ಧವಾಗುತ್ತಿರುವಾಗ ದೇಶ ತನ್ನ ಕೈಗಳನ್ನು ತಾನೇ ಕಟ್ಟಿಕೊಳ್ಳಲು ಹಿಂಜರಿಯುವುದು ಅರ್ಥವಾಗದ ಮಾತೇನಲ್ಲ. ಆದರೂ ಆ ನಿಲುವನ್ನು ಕುರಿತು ನಮ್ಮ ಲೋಕಸಭೆಯಲ್ಲಿ ದೀರ್ಘವಾದ, ಬಹಿರಂಗವಾದ ಚರ್ಚೆ ನಡೆಯಬೇಕೆಂದು ಕೇಳುವ ಹಕ್ಕು ಪ್ರಜೆಗಳಿಗುಂಟು. ನಮ್ಮ ದೇಶದ ಇಂಥ ವಿಮಾನಗಳು ಬೆಂಗಳೂರಿನಲ್ಲಿ ಹುಟ್ಟಿ ಚಳ್ಳಕೆರೆಯಲ್ಲಿ ಹಾರುತ್ತಿರುವುದರಿಂದ, ನಿಮ್ಮ ಕ್ಷೇತ್ರದ ಪ್ರತಿನಿಧಿಗೆ ಒಂದು ಕಾಗದ ಬರೆದು ಆ ಚರ್ಚೆಯನ್ನು ಮೊದಲು ಕೇಳುವವರು ಕನ್ನಡಿಗರಾಗಲಿ ಎಂದು ಓದುಗರನ್ನು ಪ್ರಾರ್ಥಿಸುತ್ತೇನೆ.