ಸುಂಕದವರ ದಾಳಿಗೂ ಮುಚ್ಚದ ಪುಸ್ತಕದಂಗಡಿ

ಲಂಡನ್ನಿನಲ್ಲಿ ವಾರಾಂತ್ಯ ಕಳೆಯಲು ಹೊರಟವರ ಬಳಿ ನೋಡಬೇಕಾದ ಸ್ಥಳಗಳ ಪಟ್ಟಿಯೊಂದು ಸಿದ್ಧವಾಗಿಯೇ ಇರುತ್ತದೆ. ಗಡಿಯಾರದ ಗೋಪುರ, ಅರಮನೆ, ಥೇಮ್ಸ್ ನದಿಯ ಸೇತುವೆಗಳು. ಕನ್ನಡಿಗರಾದರೆ 2015ರ ನವೆಂಬರ್‌ನಲ್ಲಿ ಅದೇ ನದಿಯ ದಂಡೆಯ ಮೇಲೆ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯೂ ಪಟ್ಟಿಗೆ ಸೇರುತ್ತದೆ. ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು ನಾಲ್ವರು ಗೆಳೆಯರು ಶನಿವಾರ ಬೆಳಿಗ್ಗೆಯೇ ಇವುಗಳಲ್ಲಿ ಅರ್ಧದಷ್ಟನ್ನು ಮುಗಿಸಿದೆವು. ಮಧ್ಯಾಹ್ನದ ಹೊಣೆಯನ್ನು ಹನ್ನೆರಡು ವರ್ಷಗಳಿಂದ ಅಲ್ಲಿಯೇ ನೆಲೆಸಿರುವ ಗೆಳೆಯ ವಹಿಸಿಕೊಂಡಿದ್ದ. ‘ಒಂದು ಪುಸ್ತಕದಂಗಡಿ ತೋರಿಸುತ್ತೇನೆ, ಬನ್ನಿ’ ಎಂದಷ್ಟೇ ಆತ ಹೇಳಿದ್ದು.

ರಸೆಲ್ ಸ್ಕ್ವೇರ್ ಸುರಂಗ ರೈಲು ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ಬ್ಲೂಮ್ಸ್‌ಬರಿ ಪ್ರದೇಶದ ಮಾರ್ಚ್‌ಮಾಂಟ್ ಬೀದಿ. ಸಮೀಪದ ಟ್ಯಾವಿಸ್ಟಾಕ್ ಉದ್ಯಾನದಲ್ಲಿ 1968ರಲ್ಲಿ ಸ್ಥಾಪಿಸಿದ ಮಹಾತ್ಮ ಗಾಂಧಿಯವರ ಪ್ರತಿಮೆಯಿದೆ. ಅದನ್ನು ನೋಡಲು ಬರುವ ನಮ್ಮವರು ಅನೇಕ. ಆದರೆ ಪಕ್ಕದ ಬೀದಿಯ 66ನೇ ಸಂಖ್ಯೆಯ ಕಟ್ಟಡದತ್ತ ಕಣ್ಣು ಹಾಯಿಸುವವರು ವಿರಳ. ‘ಗೇಸ್ ದ ವರ್ಡ್’ ಎಂಬ ಹೆಸರಿನ ಈ ಅಂಗಡಿ ಸಲಿಂಗಿಗಳು, ದ್ವಿಲಿಂಗಾಸಕ್ತರು ಹಾಗೂ ಲಿಂಗ ಪರಿವರ್ತಿತರ ಬದುಕಿಗೆ ಸಂಬಂಧಿಸಿದ ಪುಸ್ತಕಗಳಿಗೆಂದೇ ಮೀಸಲಾದದ್ದು. ನಮ್ಮಲ್ಲಿಬ್ಬರು ಹೆಸರು ಓದಿ ಒಂದು ಕ್ಷಣ ಮುಖ ಮುಖ ನೋಡಿಕೊಂಡದ್ದು ನಿಜ.

ಅಂಗಡಿ ಆರಂಭವಾದದ್ದು 1979ರ ಜನವರಿಯಲ್ಲಿ. ನ್ಯೂಯಾರ್ಕಿನಲ್ಲಿ 1967ರಲ್ಲಿ ಕ್ರೇಗ್ ರಾಡ್ವೆಲ್ ತೆರೆದಿದ್ದ ಆಸ್ಕರ್ ವೈಲ್ಡ್ ಪುಸ್ತಕದಂಗಡಿಯನ್ನು ಕಂಡುಬಂದಿದ್ದ ಅರ್ನೆಸ್ಟ್ ಹೋಲ್ ಎಂಬಾತ, ಸಂಗಡಿಗರೊಡನೆ ಕೂಡಿ ಅಂಥದೇ ಒಂದನ್ನು ಲಂಡನ್ನಿನಲ್ಲಿ ನಡೆಸಲು ಹೊರಟ. ಇಂಗ್ಲೆಂಡಿನಲ್ಲಿ ವಯಸ್ಕ ಗಂಡಸರ ನಡುವಿನ ಖಾಸಗಿ ಸಂಬಂಧ ಅಪರಾಧವಲ್ಲವೆಂದು ಕಾನೂನು ಒಪ್ಪಿ ಆಗ ಹನ್ನೆರಡು ವರ್ಷಗಳಷ್ಟೇ ಆಗಿದ್ದವು. ಜಾಗವನ್ನು ಗುತ್ತಿಗೆಗೆ ಕೊಡಲು ಸ್ಥಳೀಯ ಕ್ಯಾಮ್ಡೆನ್ ಆಡಳಿತ ಮೊದಲು ಹಿಂಜರಿಯಿತು; ಮುಂದೆ ಲಂಡನ್ ಮೇಯರ್ ಆದ ಕೆನ್ ಲಿವಿಂಗ್‌ಸ್ಟನ್ ಆಗ ಅಲ್ಲಿ ಸದಸ್ಯರಾಗಿದ್ದರು, ಅವರ ನೆರವಿನಿಂದ ಕೆಲಸವಾಯಿತು. ಅಂಗಡಿಯ ಹೆಸರು ಐವರ್ ನೊವೆಲ್ಲೊ ಅವರ 1951ರ ಸಂಗೀತ ನಾಟಕದ್ದು. ಆ ಕಾಲದಲ್ಲಿ ‘ಗೇ’ ಎಂದರೆ ಜನಸಾಮಾನ್ಯರಿಗೆ ಉಲ್ಲಾಸ ಎಂದೇ ಅರ್ಥ.

ಪುಸ್ತಕದ ವ್ಯಾಪಾರವೆಂದರೆ ಪುಸ್ತಕ ಬೇಕಲ್ಲ? ಇಂಥ ವಿಷಯದ ಕೃತಿಗಳನ್ನು ಅಚ್ಚುಹಾಕುವ ಬ್ರಿಟಿಷ್ ಪ್ರಕಾಶಕರು ಆಗ ಬೆರಳೆಣಿಕೆಯಷ್ಟಿದ್ದರು. ಹೀಗಾಗಿ ದಾಸ್ತಾನಿನ ದೊಡ್ಡ ಪಾಲು ಅಮೆರಿಕದಿಂದ ಬರಬೇಕಾಗಿತ್ತು. ತೊಡಕು ಹುಟ್ಟಿದ್ದು ಇಲ್ಲಿಯೇ. 1984ರ ಏಪ್ರಿಲ್‌ನಲ್ಲಿ ಸುಂಕ ಇಲಾಖೆಯ ಅಧಿಕಾರಿಗಳು ‘ಆಪರೇಷನ್ ಟೈಗರ್’ ಎಂಬ ಹೆಸರಿನಲ್ಲಿ ಅಂಗಡಿಯ ಮೇಲೆ ದಾಳಿ ನಡೆಸಿ ಸಾವಿರಾರು ಪೌಂಡ್ ಬೆಲೆಯ ಪುಸ್ತಕಗಳನ್ನು ಹೊತ್ತೊಯ್ದರು. ಹಾಗೆ ಹೋದವುಗಳಲ್ಲಿ ಟೆನ್ನೆಸಿ ವಿಲಿಯಮ್ಸ್, ಗೋರ್ ವಿಡಾಲ್, ಕ್ರಿಸ್ಟೋಫರ್ ಇಷರ್‌ವುಡ್, ಜಾನ್ ಜೆನೆ ಅವರ ಕೃತಿಗಳೂ ಸೇರಿದ್ದವು. ವಿಶ್ವವಿದ್ಯಾಲಯಗಳಲ್ಲಿ ಪಾಠವಾಗುವ ಲೇಖಕರಿವರು.

ಸಾಹಿತ್ಯವನ್ನು ಅಶ್ಲೀಲವೆಂದು ಹಿಡಿಯುವುದು ಹೇಗೆ ಸಾಧ್ಯವಾಯಿತು ಎಂಬುದನ್ನು ತುಸು ವಿವರಿಸಬೇಕು. ದೇಶದೊಳಗೆ ಅಚ್ಚಾದ ಪುಸ್ತಕಕ್ಕೆ 1959ರ ಅಶ್ಲೀಲ ಪ್ರಕಟಣೆಗಳ ಕಾಯಿದೆ ಅನ್ವಯಿಸುತ್ತಿತ್ತು. ಸಾಹಿತ್ಯಕ ಮೌಲ್ಯವಿದೆ, ಪ್ರಕಟಣೆಯಿಂದ ಸಮಾಜಕ್ಕೆ ಹಿತವಿದೆ ಎಂದು ವಾದಿಸಲು ಅದರಲ್ಲಿ ಅವಕಾಶವಿತ್ತು. ಹೊರದೇಶದಿಂದ ಬಂದ ಪುಸ್ತಕಕ್ಕಾದರೋ 1876ರ ಸುಂಕ ಕಾಯಿದೆ. ‘ಅಸಭ್ಯ’ ಎಂದು ಅಧಿಕಾರಿಗೆ ತೋರಿದರೆ ಸಾಕು. ಸಾಹಿತ್ಯದ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಗಾದೆ ಇಷ್ಟು ಅಕ್ಷರಶಃ ಒಪ್ಪುವ ಇನ್ನೊಂದು ಪ್ರಸಂಗ ಸಿಗಲಾರದು. ಲಂಡನ್ನಿನಲ್ಲಿ ಮುದ್ರಿಸಿದರೆ ಮಾರಬಹುದಾದ ಕೃತಿಯನ್ನೇ ಅಮೆರಿಕದಿಂದ ತರಿಸಿದರೆ ಕೈಗೆ ಕೋಳ!

ಅಂಗಡಿಯ ನಿರ್ದೇಶಕರ ಮೇಲೆ ಅಸಭ್ಯ ಪುಸ್ತಕಗಳ ಆಮದಿಗೆ ಒಳಸಂಚು ನಡೆಸಿದ ಆರೋಪ ಹೊರಿಸಲಾಯಿತು. ಮೊಕದ್ದಮೆಯ ವೆಚ್ಚಕ್ಕೆಂದು ಸಾರ್ವಜನಿಕರು 55 ಸಾವಿರ ಪೌಂಡ್‌ಗೂ ಹೆಚ್ಚು ಹಣ ಕೂಡಿಸಿದರು. ಗೋರ್ ವಿಡಾಲ್ ಒಬ್ಬರೇ ಮೂರು ಸಾವಿರ ಕೊಟ್ಟರು. ಸಂಸತ್ತಿನಲ್ಲಿ ಪ್ರಶ್ನೆಗಳೆದ್ದವು. ಆದರೆ ಗಂಟು ಸಡಿಲಗೊಂಡದ್ದು ಯಾರೂ ಎಣಿಸದ ಕಡೆಯಿಂದ. ಪಶ್ಚಿಮ ಜರ್ಮನಿಯಿಂದ ಗಾಳಿ ತುಂಬುವ ಗೊಂಬೆಗಳನ್ನು ತರಿಸುತ್ತಿದ್ದ ಕೋನ್‌ಗೇಟ್ ಎಂಬ ಸಂಸ್ಥೆಯ ಸರಕನ್ನೂ ಇದೇ ಕಾಯಿದೆಯಡಿ ಜಪ್ತಿ ಮಾಡಲಾಗಿತ್ತು. ಗೊಂಬೆಗಳು ಮಕ್ಕಳಿಗಾಗಿ ಮಾಡಿದವಲ್ಲ ಎಂದಷ್ಟೇ ಹೇಳಿದರೆ ಸಾಕು. ತನ್ನ ನೆಲದಲ್ಲಿ ಕಾನೂನುಬದ್ಧವಾಗಿ ತಯಾರಿಸಿ ಮಾರಬಹುದಾದ ವಸ್ತುವನ್ನು ಮತ್ತೊಂದು ಸದಸ್ಯ ರಾಷ್ಟ್ರದಿಂದ ಬಂತೆಂಬ ಕಾರಣಕ್ಕೆ ತಡೆಯುವಂತಿಲ್ಲ ಎಂದು ಐರೋಪ್ಯ ನ್ಯಾಯಾಲಯ 1986ರ ಮಾರ್ಚ್‌ನಲ್ಲಿ ತೀರ್ಪಿತ್ತಿತು. ತೀರ್ಪು ಅಮೆರಿಕದ ಸರಕಿಗೆ ನೇರವಾಗಿ ಅನ್ವಯಿಸದಿದ್ದರೂ, ಒಂದೇ ಬಂದರಿನಲ್ಲಿ ಎರಡು ಅಳತೆಗೋಲು ಹಿಡಿದು ನಿಲ್ಲುವುದು ಇಲಾಖೆಗೆ ಕಷ್ಟವಾಯಿತು. ಅದೇ ವರ್ಷ ಪುಸ್ತಕದಂಗಡಿಯ ಮೇಲಿನ ಆರೋಪಗಳನ್ನು ಕೈಬಿಡಲಾಯಿತು. ಹೀಗೆ ಗೊಂಬೆಗಳು ಸಾಹಿತ್ಯವನ್ನು ಕಾಪಾಡಿದವು.

ದಾಳಿ ನಡೆದ ವರ್ಷವೇ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರ ದೊಡ್ಡ ಮುಷ್ಕರವೂ ಆರಂಭವಾಗಿತ್ತು. ಮಾರ್ಕ್ ಆ್ಯಶ್ಟನ್ ಮತ್ತು ಮೈಕ್ ಜಾಕ್ಸನ್ ಎಂಬ ಯುವಕರು ಗಣಿ ಕಾರ್ಮಿಕರ ಬೆಂಬಲಕ್ಕೆ ಸಲಿಂಗಿಗಳ ಗುಂಪೊಂದನ್ನು ಕಟ್ಟಿದರು. ಗುಂಪು ಸಭೆ ಸೇರುತ್ತಿದ್ದುದು ಇದೇ ಅಂಗಡಿಯಲ್ಲಿ. ಸದಸ್ಯರು ಅಂಗಡಿಯ ಮುಂದೆ ಬಕೆಟ್ ಹಿಡಿದು ನಿಂತು ಚಂದಾ ಎತ್ತಿದರು. ಕಾರ್ಮಿಕ ಸಂಘದ ಹಣವನ್ನು ನ್ಯಾಯಾಲಯ ಮುಟ್ಟುಗೋಲು ಹಾಕಿಕೊಂಡಿದ್ದ ಕಾಲವದು. ಆದ್ದರಿಂದ ದಕ್ಷಿಣ ವೇಲ್ಸ್‌ನ ಡುಲೈಸ್ ಕಣಿವೆಯ ಕುಟುಂಬಗಳಿಗೆ ಹಣವನ್ನು ನೇರವಾಗಿ ಮುಟ್ಟಿಸಲಾಯಿತು. ಮುಷ್ಕರ 1985ರ ಮಾರ್ಚ್‌ನಲ್ಲಿ ಸೋಲಿನಲ್ಲಿ ಮುಗಿಯಿತು. ಆದರೆ ಆ ವರ್ಷದ ಜೂನ್‌ನಲ್ಲಿ ಲಂಡನ್ನಿನಲ್ಲಿ ನಡೆದ ಸಲಿಂಗಿಗಳ ಮೆರವಣಿಗೆಯ ಮುಂದಾಳತ್ವದಲ್ಲಿ ಗಣಿಯವರು ತಮ್ಮ ಬಾವುಟ ಹಿಡಿದು ನಡೆದರು. 2014ರ ‘ಪ್ರೈಡ್’ ಚಲನಚಿತ್ರ ಹೇಳುವುದು ಈ ಕಥೆಯನ್ನೇ. ಆ್ಯಶ್ಟನ್ 1987ರಲ್ಲಿ ಏಡ್ಸ್‌ನಿಂದ ತೀರಿಕೊಂಡಾಗ ಆತನ ವಯಸ್ಸು 26. ಆತನ ಸ್ಮರಣೆಯ ಫಲಕವನ್ನು 2017ರಲ್ಲಿ ಅಂಗಡಿಯ ನೆತ್ತಿಯ ಮೇಲೆ ಅಳವಡಿಸಲಾಯಿತು.

ಕಾನೂನಿನ ಕೈಗೆ ಸಿಗದ ಅಂಗಡಿಯನ್ನು ಬಾಡಿಗೆ ಬಹುಪಾಲು ನುಂಗಿತ್ತು. ಏರಿದ ಬಾಡಿಗೆ ಮತ್ತು ಅಂತರ್ಜಾಲ ಮಾರಾಟದ ಪೈಪೋಟಿಯಿಂದ 2007ರಲ್ಲಿ ಬಾಗಿಲು ಹಾಕುವ ಸ್ಥಿತಿ ಒದಗಿದಾಗ, ಓದುಗರು ಒಂದೊಂದು ಕಪಾಟಿನ ಪ್ರಾಯೋಜಕರಾಗಿ ಹಣ ತುಂಬಿದರು. ಪ್ರೇರಣೆ ನೀಡಿದ್ದ ನ್ಯೂಯಾರ್ಕಿನ ಅಂಗಡಿಗೆ ಆ ಭಾಗ್ಯವಿರಲಿಲ್ಲ. ಅದು 2009ರಲ್ಲಿ ಮುಚ್ಚಿತು.

ನಾವು ಒಳಗೆ ಒಂದು ಗಂಟೆಗೂ ಮೀರಿ ಇದ್ದೆವು. ಕಾದಂಬರಿ, ಇತಿಹಾಸ, ಕವಿತೆ, ಮಕ್ಕಳ ಪುಸ್ತಕ. ಯಾವುದನ್ನು ಎತ್ತಿಕೊಂಡರೂ ಯಾರೂ ತಿರುಗಿ ನೋಡುವುದಿಲ್ಲ. ಅಂಗಡಿ ತೋರಿಸಲು ಕರೆತಂದ ಗೆಳೆಯ ಹೊರಗೆ ಬಂದ ಮೇಲೆ ಎದುರಿನ ಪಾದಚಾರಿ ಮಾರ್ಗದತ್ತ ಕೈ ತೋರಿದ. ಊರು ಬಿಟ್ಟುಬಂದ ಹೊಸತರಲ್ಲಿ ಎರಡು ಶನಿವಾರ ಅಲ್ಲಿ ನಿಂತು ಹಿಂತಿರುಗಿದ್ದನಂತೆ. ಮೂರನೆಯ ಶನಿವಾರ ಮಳೆ ಬಂತು, ಒಳಗೆ ಹೋದೆ ಎಂದ. ಆಗ ಭಾರತದಲ್ಲಿ ದಂಡಸಂಹಿತೆಯ 377ನೇ ಕಲಂ ಜಾರಿಯಲ್ಲಿತ್ತು. ಬ್ರಿಟಿಷರು 1860ರಲ್ಲಿ ಬರೆದಿಟ್ಟುಹೋದ ಆ ಕಲಂ ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು.

ನಮ್ಮ ಪೈಕಿ ಒಬ್ಬ ಕೇಳಿದ್ದು ಒಂದೇ ಮಾತು: ‘ಇಷ್ಟು ವರ್ಷ ಯಾಕೋ ಹೇಳಲಿಲ್ಲ?’ ಆತ ನಕ್ಕು, ‘ಹೇಳೋಕೆ ನೀವೆಲ್ಲ ಒಟ್ಟಿಗೆ ಯಾವಾಗ ಸಿಕ್ಕಿದ್ರಿ?’ ಎಂದ. ಇನ್ನೊಬ್ಬ ಏನೂ ಆಡಲಿಲ್ಲ, ಹೆಗಲ ಮೇಲೆ ಕೈ ಹಾಕಿದ.

ನನಗೆ ನೆನಪಾದದ್ದು ಬೇರೆ. ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಪ್ರಕಟವಾಗಿ, ಸಲಿಂಗಿಯ ಬದುಕನ್ನು ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿ ಚರ್ಚೆಗೆ ಕಾರಣವಾಗಿತ್ತು. ಮುಂದೊಮ್ಮೆ ರಜೆಗೆ ಊರಿಗೆ ಬಂದಿದ್ದ ಈ ಗೆಳೆಯ ಅದರ ಎರಡು ಪ್ರತಿ ಬೇಕೆಂದು ಫೋನ್ ಮಾಡಿದ್ದ. ಬೆಂಗಳೂರಿನಲ್ಲಿ ಕೊಂಡು ವಿಮಾನ ನಿಲ್ದಾಣಕ್ಕೆ ಒಯ್ದು ಕೊಟ್ಟವನು ನಾನೇ. ಎರಡು ಪ್ರತಿ ಏಕೆಂದು ಅಂದು ಕೇಳಿರಲಿಲ್ಲ. ಮಾರ್ಚ್‌ಮಾಂಟ್ ಬೀದಿಯ ಮೂಲೆಯಲ್ಲಿ ಕಾಫಿಗೆ ಕುಳಿತಾಗ ಕೇಳಿದೆ. ಒಂದು ತನಗೆ, ಇನ್ನೊಂದನ್ನು ಊರಿನಲ್ಲಿ ಅಮ್ಮನ ಟ್ರಂಕಿನ ಮೇಲೆ ಇಟ್ಟು ಬಂದಿದ್ದೆ ಎಂದ. ಅಮ್ಮ ಓದಿದ್ದಾರೆಯೇ ಎಂದರೆ, ಮುಂದಿನ ಸಲ ಹೋದಾಗ ಅದಕ್ಕೆ ಬೈಂಡು ಹಾಕಿಸಿಟ್ಟಿದ್ದರು ಎಂದ.