ಬಿಸಿಲ ಕೆಳಗಿನ ತಣ್ಣೀರು

ಜೂನ್ ಆರಂಭ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದಂಚಿನಲ್ಲಿ ಸುಪೀರಿಯರ್ ಸರೋವರ. ಅಪಾಸಲ್ ದ್ವೀಪಗಳ ಮರಳುಗಲ್ಲಿನ ಗುಹೆಗಳೊಳಗೆ ಕಯಾಕ್ ಎಂಬ ಕಿರುದೋಣಿ ನುಗ್ಗಿಸುವ ಆಸೆಯಿಂದ ಜನ ದಡಕ್ಕೆ ಬರುತ್ತಾರೆ. ಗಾಳಿ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಚಡ್ಡಿ, ಟೀ ಶರ್ಟೇ ಹೆಚ್ಚು ಅನ್ನಿಸುತ್ತದೆ. ನೀರು ಮಾತ್ರ ಆ ಹೊತ್ತಿನಲ್ಲಿ 10 ಡಿಗ್ರಿಗೂ ಕೆಳಗಿರುವುದು ಮಾಮೂಲು. ಅಂದರೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬಾಟಲಿಯ ನೀರು!

ಇಷ್ಟು ಬಿಸಿಲು ಬಿದ್ದರೂ ನೀರೇಕೆ ಕಾಯಲಿಲ್ಲ? ನೀರಿನದು ನಿಧಾನದ ಜಾಯಮಾನ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಸ್ವಾರಸ್ಯದ್ದು. ಸಿಹಿನೀರಿನ ಸಾಂದ್ರತೆ ಅತಿ ಹೆಚ್ಚಿರುವುದು 4 ಡಿಗ್ರಿಯಲ್ಲಿ. ಚಳಿಗಾಲ ಮುಗಿದಾಗ ಸರೋವರದ ಮೇಲ್ಮೈ ಅದಕ್ಕಿಂತ ತಣ್ಣಗಿರುತ್ತದೆ. ಬಿಸಿಲು ಅದನ್ನು 4ರ ಕಡೆಗೆ ತಂದಷ್ಟೂ ಆ ನೀರು ಭಾರವಾಗಿ ಮುಳುಗುತ್ತದೆ, ಕೆಳಗಿನ ತಣ್ಣನೆಯದು ಮೇಲೆ ಬರುತ್ತದೆ. ಹೀಗೆ ಆಳದವರೆಗೂ ಮಗುಚಾಟ ಮುಗಿಯುವ ತನಕ ಮೇಲ್ಪದರ ಬೆಚ್ಚಗಾಗುವ ಮಾತೇ ಇಲ್ಲ. ಸುಪೀರಿಯರ್‌ನ ಗರಿಷ್ಠ ಆಳ 406 ಮೀಟರ್. ಅಷ್ಟು ದೊಡ್ಡ ಹಂಡೆ ಕಾಯಬೇಕಲ್ಲ! ಅತ್ತ ದಡದ ಆಳವಿಲ್ಲದ ನೀರು ಬೇಗ ಬೆಚ್ಚಗಾಗಿ ಕಾಲಿಟ್ಟವರನ್ನು ಏಮಾರಿಸುತ್ತದೆ.

ತಣ್ಣೀರೆಂದರೆ ಮೈ ಮರಗಟ್ಟಿ ಸಾಯುವ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಅಪಾಯ ಅದಕ್ಕಿಂತ ಬಹಳ ಮೊದಲೇ, ಉಸಿರಿನಲ್ಲಿ ಬರುತ್ತದೆ. ಮಾಘಸ್ನಾನದ ಮೊದಲ ಚೆಂಬು ನೆನಪಿಸಿಕೊಳ್ಳಿ. ಬೆನ್ನ ಮೇಲೆ ನೀರು ಬಿದ್ದೊಡನೆ 'ಹಾ' ಎಂದು ಉಸಿರೆಳೆದುಕೊಳ್ಳುತ್ತೇವೆ, ಬೇಡವೆಂದರೂ. ಕಯಾಕ್ ಮಗುಚಿ ತಲೆ ನೀರೊಳಗಿರುವಾಗಲೇ ಆ 'ಹಾ' ಬಂದರೆ ಒಳಗೆ ಹೋಗುವುದು ಗಾಳಿಯಲ್ಲ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ದಶಕಗಳಿಂದ ಅಧ್ಯಯನ ಮಾಡುತ್ತಿರುವ ಈ ಪ್ರತಿಕ್ರಿಯೆಯ ಹೆಸರು ಶೀತಾಘಾತ. ನೀರು 10ರಿಂದ 15 ಡಿಗ್ರಿ ಇದ್ದಾಗಲೇ ಅದು ಪೂರ್ಣ ಜೋರಿನಲ್ಲಿರುತ್ತದೆ. ಗಂಟೆಗಟ್ಟಲೆ ಈಜಬಲ್ಲವರಿಗೂ ಇದರಿಂದ ವಿನಾಯಿತಿ ಇಲ್ಲ.

ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಮ್ಮ ಮೈಯನ್ನೇ ಮತ್ತೆ ಮತ್ತೆ ತಣ್ಣೀರಿಗೊಡ್ಡಿ ಪ್ರಯೋಗ ಮಾಡಿದವರು. ಅವರ ಲೆಕ್ಕ 1-10-1: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು 10 ನಿಮಿಷ, ಮೈಬಿಸಿ ಇಳಿದು ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಲೈಫ್ ಜಾಕೆಟ್ ಇಲ್ಲದವರಿಗೆ ಆ ಗಂಟೆ ಸಿಗುವುದೇ ಅನುಮಾನ. ಬೆರಳುಗಳಿಗೆ ಹುಟ್ಟು ಹಿಡಿಯಲೂ ಆಗದಿದ್ದಾಗ ಈಜುವುದೆಲ್ಲಿ?

ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಹತ್ತಿ ಬಟ್ಟೆ ಒದ್ದೆಯಾದರೆ ಮುಗಿಯಿತು. ತಣ್ಣೀರಿಗಿಳಿಯುವವರು ತೊಡುವ ವೆಟ್‌ಸೂಟ್ ಎಂಬ ಬಿಗಿ ರಬ್ಬರ್ ಉಡುಪಿನ ಗುಟ್ಟು ಬೇರೆ. ಅಣುಬಾಂಬ್ ಯೋಜನೆಯಲ್ಲಿ ದುಡಿದಿದ್ದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1950ರ ದಶಕದ ಆರಂಭದಲ್ಲಿ ಕಂಡುಕೊಂಡದ್ದು ಇದು: ಬೆಚ್ಚಗಿರಲು ಮೈ ಒಣಗಿರಲೇಬೇಕೆಂದಿಲ್ಲ, ಬಟ್ಟೆಯೊಳಗೆ ಅನಿಲ ಸಿಕ್ಕಿಕೊಂಡಿದ್ದರೆ ಸಾಕು. ನಿಯೋಪ್ರೀನ್ ರಬ್ಬರಿನ ತುಂಬ ಇರುವ ಪುಟ್ಟ ಗುಳ್ಳೆಗಳದೇ ಈ ಕೆಲಸ. ಚರ್ಮಕ್ಕೂ ಸೂಟಿಗೂ ನಡುವಿನ ನೀರು ಬೆಚ್ಚಗಾಗಿ ಕಾಪಾಡುತ್ತದೆ ಎಂಬ ಜನಪ್ರಿಯ ವಿವರಣೆ ಅರೆಬರೆ. ಆ ನೀರು ಕಡಿಮೆ ಇದ್ದಷ್ಟೂ ಒಳ್ಳೆಯದು. ಆದ್ದರಿಂದ ಸಡಿಲವಾದ ವೆಟ್‌ಸೂಟಿಗೆ ಕಾಸು ಕೊಡಬೇಡಿ.

ಡ್ರೈಸೂಟ್ ಎಂಬ ಇನ್ನೊಂದು ಉಡುಪು ಕತ್ತು, ಮಣಿಕಟ್ಟುಗಳನ್ನು ಬಿಗಿಹಿಡಿದು ನೀರನ್ನು ಹೊರಗಿಡುತ್ತದೆ. ತೆಳು ಬಟ್ಟೆಯದಾದರೆ ಅದಕ್ಕೆ ತನ್ನದೇ ಬಿಸಿ ಇಲ್ಲ. ಒಳಗೆ ಉಣ್ಣೆಯದೋ ಫ್ಲೀಸಿನದೋ ಉಡುಪು ಬೇಕೇ ಬೇಕು. ಬಿಸಿಲಲ್ಲಿ ಇದನ್ನೆಲ್ಲ ತೊಟ್ಟು ಹುಟ್ಟು ಹಾಕಿದರೆ ಬೆವರು ಕಿತ್ತು ಬರುತ್ತದೆ, ನಿಜ. ಅದಕ್ಕೆ ಮದ್ದು ಪಕ್ಕದಲ್ಲೇ ಇದೆ: ಟೋಪಿ ಅದ್ದಿ ತಲೆಗಿಟ್ಟುಕೊಳ್ಳಬಹುದು, ತೋಳುಗಳನ್ನು ನೀರಿಗಿಳಿಸಬಹುದು. ಸೆಕೆಗೆ ಇಷ್ಟು ಉಪಾಯ ಉಂಟು. ನೀರಿಗೆ ಬಿದ್ದ ಮೇಲೆ ಬಟ್ಟೆ ಬದಲಿಸುವ ಉಪಾಯ ಯಾರ ಬಳಿಯೂ ಇಲ್ಲ.

ಹೊನ್ನಾವರದ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಕಯಾಕ್ ನಡೆಸುವವರಿಗೆ ಈ ತಲೆನೋವಿಲ್ಲ, ಲೈಫ್ ಜಾಕೆಟ್ ಇದ್ದರಾಯಿತು. ಮೇ ತಿಂಗಳಲ್ಲಿ ಹೃಷಿಕೇಶಕ್ಕೆ ಹೋಗುವ ನಮ್ಮವರು ಮಾತ್ರ ನೆನಪಿಡಲಿ: ಮೇಲೆ ಸುಡುಬಿಸಿಲು, ಕೆಳಗೆ ಹರಿಯುವುದು ಹಿಮ ಕರಗಿ ಬಂದ ಗಂಗೆ.

ಅನುಭವಿಗಳು ಹೊರಡುವ ಮುನ್ನ ಒಂದು ಪರೀಕ್ಷೆ ಮಾಡಿಕೊಳ್ಳುತ್ತಾರೆ. ತೊಟ್ಟ ಉಡುಪಿನಲ್ಲೇ, ಜೊತೆಗೊಬ್ಬರಿದ್ದಾಗ, ದಡದ ಪಕ್ಕ ಕತ್ತಿನವರೆಗೆ ನೀರಿಗಿಳಿದು ಐದು ನಿಮಿಷ ನಿಲ್ಲುತ್ತಾರೆ. ನಿಲ್ಲಲಾಗದಿದ್ದರೆ ಅಂದಿನ ಕಯಾಕ್ ಸವಾರಿ ರದ್ದು.